ದ್ವೀಪಕ್ಕೆ ಬಂದ ನೆಗಡಿ

ಮಗುವಿಗೆ ಇದ್ದದ್ದು ಬರೀ ನೆಗಡಿ. ದೋಣಿಯಲ್ಲಿ ಒಂದೆರಡು ಸಲ ಸೀನಿತು, ಮೂಗು ಸೋರಿತು, ಅಷ್ಟೇ. ತಾಯಿ ಒರೆಸಿ ಸುಮ್ಮನಾದಳು. ಬಂದರಿನ ಊರಿನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡವಳಿಗೆ ಸೀನೆಲ್ಲ ಯಾವ ಲೆಕ್ಕ? ಅವಳ ತಲೆಯ ತುಂಬ ತವರೇ ಇತ್ತು. ಮದುವೆಯಾಗಿ ಹೋದ ಮೇಲೆ ಹುಟ್ಟಿದ ದ್ವೀಪಕ್ಕೆ ಇದೇ ಮೊದಲ ಸಲ ಬರುತ್ತಿದ್ದಳು. ಅಲ್ಲಿಗೆ ದೋಣಿ ಹೋಗುವುದೇ ಅಪರೂಪ; ಸಮುದ್ರ ಮುನಿಸಿಕೊಂಡರೆ ತಿಂಗಳುಗಟ್ಟಲೆ ಅದೂ ಇಲ್ಲ.

ದಡದಲ್ಲಿ ಊರಿಗೆ ಊರೇ ಕಾದಿತ್ತು. ಮಗು ಕೈಯಿಂದ ಕೈಗೆ ಹೋಯಿತು. ತಾಯಿಯಿಲ್ಲದ ಅವಳನ್ನು ಸಾಕಿದ್ದ ಚಿಕ್ಕಮ್ಮ ಅದರ ಮೂಗನ್ನು ಬರಿಗೈಯಲ್ಲೇ ಒರೆಸಿ, "ಥೇಟ್ ನಿನ್ನದೇ ಮೊಂಡು ಮೂಗು ಕಣೇ" ಎಂದು ಮುತ್ತಿಟ್ಟಳು. ಮಗು ಮತ್ತೆ ಸೀನಿದಾಗ ಅಣ್ಣ ಮಾತ್ರ ದೂರ ನಿಂತು ಅದನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಅವನೂ ಎತ್ತಿಕೊಂಡ.

ಮೊದಲು ಕೆಮ್ಮಿದವಳು ಚಿಕ್ಕಮ್ಮ. ಆಮೇಲೆ ಅತ್ತಿಗೆ ಹಾಸಿಗೆ ಹಿಡಿದಳು, ಅಣ್ಣ ಹಿಡಿದ, ಪಕ್ಕದ ಮನೆಯವರು ಹಿಡಿದರು. ವಾರ ತುಂಬುವುದರೊಳಗೆ ಬಲೆ ಹರವಲು ಜನವಿಲ್ಲ, ಶಾಲೆಗೆ ಬೀಗ, ಹಾಲು ಕರೆಯುವವರಿಲ್ಲದೆ ಮೇಕೆಗಳು ಕೆಚ್ಚಲು ಬಿಗಿದು ಅರಚುತ್ತಿದ್ದವು. ಅವಳು ಗಂಜಿ ಕಾಯಿಸಿ ಮನೆಮನೆಗೆ ಹೊತ್ತಳು. ಒಂದು ಮನೆಯಲ್ಲಿ ಚಮಚ ಎತ್ತಲೂ ಯಾರ ಕೈಗೂ ಶಕ್ತಿಯಿರಲಿಲ್ಲ.

ಖಾಲಿ ಪಾತ್ರೆ ಹಿಡಿದು ಬೀದಿಯಲ್ಲಿ ನಿಂತಾಗ ಅವಳಿಗೆ ಹೊಳೆಯಿತು. ಊರಿನಲ್ಲಿ ಗಟ್ಟಿಯಾಗಿ ಓಡಾಡುತ್ತಿದ್ದವರು ಇಬ್ಬರೇ, ತಾನು ಮತ್ತು ತನ್ನ ಮಗು. ಮಗು ಅಂಗಳದಲ್ಲಿ ಚಿಪ್ಪುಗಳನ್ನು ಗುಡ್ಡೆ ಹಾಕಿ ಆಡುತ್ತಿತ್ತು. ಅದರ ನೆಗಡಿ ವಾಸಿಯಾಗಿ ಎಷ್ಟೋ ದಿನವಾಗಿತ್ತು.

ಅವತ್ತೇ ಮಧ್ಯಾಹ್ನ ಚಿಕ್ಕಮ್ಮನ ಉಸಿರು ನಿಂತಿತು. ಮಗುವಿನ ತಾಯಿಗೆ ಅಳು ಬರಲಿಲ್ಲ. ಅಣ್ಣನ ಹಾಸಿಗೆಯ ಪಕ್ಕ ಕುಸಿದು ಕೂತಳು.

"ಅಣ್ಣಾ, ಇದು ನಾನು ತಂದಿದ್ದು."

"ಗೊತ್ತು."

"ಯಾವಾಗ ಗೊತ್ತಾಯ್ತು?"

"ದಡದಲ್ಲೇ. ಮಗು ಸೀನ್ತಲ್ಲ, ಆಗ." ಅವನು ಕೆಮ್ಮಿ ಸುಧಾರಿಸಿಕೊಂಡ. "ದೋಣೀಲಿ ಹೊರಗಿನವರು ಬಂದಾಗಲೆಲ್ಲ ಹೀಗೇ ಆಗೋದು. ಅದಕ್ಕೇ ಅಪ್ಪನ ಕಾಲದಲ್ಲಿ ಅವರನ್ನ ಮೀನಿನ ಶೆಡ್ಡಲ್ಲೇ ಇರಿಸ್ಕೋತಿದ್ರು. ವಾರಗಟ್ಟಲೆ ಊರೊಳಗೆ ಬಿಡ್ತಿರಲಿಲ್ಲ."

"ನಮ್ಮೋರಿಗೆ ಹೊರಗಿನವರನ್ನ ಕಂಡ್ರೆ ಆಗಲ್ಲ, ಅದಕ್ಕೇ ಅಂದ್ಕೊಂಡಿದ್ದೆ. ನನ್ನನ್ನೂ ಯಾಕೆ ತಡೀಲಿಲ್ಲ? ಒಂದು ಮಾತು ಹೇಳಬಾರದಿತ್ತಾ?"

"ಚಿಕ್ಕಮ್ಮಂಗೆ ಹೇಳ್ದೆ. 'ನಮ್ಮ ಹುಡುಗೀನ ಹೊರಗಿನವಳು ಅಂತೀಯೇನೋ' ಅಂತ ಬೈದ್ಲು."

ಅವಳು ಎದ್ದು ಚಿಕ್ಕಮ್ಮ ಮಲಗಿದ್ದ ಕೋಣೆಗೆ ಹೋದಳು.

ಊರಿನವರ ರೇಡಿಯೋ ಕರೆಗೆ ಬಂದರಿನಿಂದ ಡಾಕ್ಟರು ಬಂದಿಳಿಯುವಷ್ಟರಲ್ಲಿ ಇನ್ನೂ ಕೆಲವು ಮುದುಕರು ತೀರಿಹೋಗಿದ್ದರು. ಉಳಿದವರು ಒಬ್ಬೊಬ್ಬರಾಗಿ ಎದ್ದು ಕೂತರು. ಡಾಕ್ಟರು ಎಲ್ಲರನ್ನೂ ನೋಡಿ ಹೇಳಿದರು: "ಮಾಮೂಲಿ ನೆಗಡೀನೇ. ನಮ್ಮಲ್ಲಿ ದಿನಾ ಯಾರಿಗಾದ್ರೂ ಇದ್ದೇ ಇರುತ್ತೆ, ಮೈಗೆ ರೂಢಿ. ನೀವು ತಿಂಗಳುಗಟ್ಟಲೆ ಹೊರಗಿನವರ ಮುಖಾನೇ ನೋಡಲ್ಲ."

"ಹಾಗಾದ್ರೆ ಯಾರನ್ನೂ ಸೇರಿಸಬಾರದಾ?" ಮುದಿ ಬೆಸ್ತನೊಬ್ಬ ಕೇಳಿದ.

"ಈಗಿನ ಮಟ್ಟಿಗೆ ತಪ್ಪಿಸ್ಕೋಬಹುದು. ಆದ್ರೆ ದೂರ ಇದ್ದಷ್ಟೂ, ಬಂದಾಗ ಜೋರಾಗಿ ಬಡಿಯುತ್ತೆ. ಜನ ಬರ್ತಾ ಹೋಗ್ತಾ ಇದ್ರೇನೇ ಮೈ ಕಲಿಯೋದು."

ಹೊಸ ಸಮಾಧಿಗಳ ಮಣ್ಣು ಇನ್ನೂ ಹಸಿಯಾಗಿತ್ತು.

ಡಾಕ್ಟರ ದೋಣಿಯಲ್ಲೇ ಅವಳು ಹೊರಟಳು. ಯಾರ ಕಣ್ಣಿಗೂ ಬೀಳದೆ ಹೋಗಿಬಿಡಬೇಕೆಂದಿದ್ದಳು. ಆದರೆ ಮಗು ಕೈ ಕೊಸರಿಕೊಂಡು ಅತ್ತಿಗೆಯ ಕಡೆ ಓಡಿತು. ಅತ್ತಿಗೆಯ ಕೈಗಳು ಅರ್ಧಕ್ಕೆ ಮೇಲೆದ್ದು ಹಾಗೇ ನಿಂತವು. ದಡವೆಲ್ಲ ನೋಡುತ್ತಿತ್ತು. ಕೊನೆಗೆ ಅತ್ತಿಗೆ ಬಗ್ಗಿ ಮಗುವನ್ನು ಎತ್ತಿ ಎದೆಗವಚಿಕೊಂಡಳು.

"ಮುಂದಿನ ಸಲ ಇಷ್ಟು ವರ್ಷ ಬಿಡ್ಬೇಡ, ಬೇಗ ಬಾ," ಎಂದಳು. ದನಿ ಇನ್ನೂ ಒಡೆದೇ ಇತ್ತು.

ಹೂಂ ಅನ್ನಲೂ ಆಗದೆ, ಉಹೂಂ ಅನ್ನಲೂ ಆಗದೆ, ನಾದಿನಿ ಮಗುವಿಗಾಗಿ ಕೈ ಚಾಚಿ ನಿಂತೇ ಇದ್ದಳು.