ಮೊದಲು ಎಣ್ಣೆ ಏರಲಿ

ಅಜ್ಜಂಪುರದ ಪಕ್ಕದ ಊರಿನ ತೀರ್ಥಪ್ಪನ ಹೊಲದವರೆಗೆ ಕರೆಂಟಿನ ಕಂಬ ಇನ್ನೂ ಬಂದಿರಲಿಲ್ಲ. ಬಾವಿಯ ನೀರಿಗೆ ಡೀಸೆಲ್ ಎಂಜಿನ್ನೇ ಗತಿ. ಆ ಎಂಜಿನ್ ರಿಪೇರಿಗೆಂದು ತರೀಕೆರೆಗೆ ಹೋಗಿ ತಿಂಗಳಾಗುತ್ತ ಬಂದಿತ್ತು. ಅಷ್ಟು ದಿನವೂ ಈರುಳ್ಳಿ ಸಸಿಮಡಿಗೆ ನೀರು ಹೊತ್ತವಳು ಅವನ ಹೆಂಡತಿ ಕಾಶಮ್ಮ. ತೀರ್ಥಪ್ಪ ಹೊತ್ತಿದ್ದು ಚಿಂತೆಯನ್ನು ಮಾತ್ರ.

ಕೊನೆಗೂ ಎಂಜಿನ್ ಬಂತು. ಫಿಟ್ಟರ್ ಮಂಜಪ್ಪ ಎತ್ತಿನ ಗಾಡಿಯಲ್ಲಿ ಅದರ ಜೊತೆಗೇ ಕೂತು ಬಂದು, ಬಾವಿಯ ಪಕ್ಕದ ಕಟ್ಟೆಯ ಮೇಲೆ ಕೂರಿಸಿ, ನೀರಿನ ಪೈಪು, ಎಣ್ಣೆಯ ಪೈಪುಗಳನ್ನು ಜೋಡಿಸಿ ಕೀಲೆಣ್ಣೆ ತುಂಬಿದ. ತೀರ್ಥಪ್ಪ ಅರಿಶಿನ ಕುಂಕುಮ ಇಟ್ಟು ಕಾಯಿ ಒಡೆದವನೇ ಹ್ಯಾಂಡಲಿಗೆ ಕೈ ಹಾಕಿದ.

“ತಡೀರಿ ಯಜಮಾನ್ರೇ,” ಎಂದ ಮಂಜಪ್ಪ. “ಬೇರಿಂಗಿಗೆ ಇನ್ನೂ ಎಣ್ಣೆ ಹೋಗಿಲ್ಲ.”

ತೀರ್ಥಪ್ಪನಿಗೆ ರೇಗಿತು. ಈಗ ತಾನೇ ಕಣ್ಣೆದುರಿಗೇ ಡಬ್ಬ ಬರಿದಾಗಿದೆ, ಅಳತೆ ಕಡ್ಡಿಯಲ್ಲೂ ಗುರುತಿನವರೆಗೆ ಎಣ್ಣೆ ಇದೆ. ನಾಟಿಗೆ ಆಳುಗಳು ಬಂದು ಕೂತಿದ್ದಾರೆ. ಮಂಜಪ್ಪ ಸಮಾಧಾನವಾಗಿಯೇ ವಿವರಿಸಿದ. ಎಣ್ಣೆ ಇರುವುದು ಕೆಳಗಿನ ತೊಟ್ಟಿಯಲ್ಲಿ. ಬಿಚ್ಚಿ ಕಟ್ಟಿದ ಎಂಜಿನ್ನಿನ ಎಣ್ಣೆ ಪಂಪು, ಪೈಪು, ಫಿಲ್ಟರುಗಳಲ್ಲಿ ಬರೀ ಗಾಳಿ ತುಂಬಿರುತ್ತದೆ. ಹಾಗೇ ಸ್ಟಾರ್ಟ್ ಮಾಡಿದರೆ ಎಣ್ಣೆ ಮೇಲೇರುವಷ್ಟರಲ್ಲಿ ಬೇರಿಂಗ್ ಒಣದಾಗಿ ಉಜ್ಜಿ ಕೆಟ್ಟುಹೋಗುತ್ತದೆ.

“ಬೇರಿಂಗಿನೊಳಗೆ ತಿರುಗೋ ಕ್ರಾಂಕ್ ದಂಡನ್ನ ಸಾಣೆ ಹಿಡಿದು ಹಿಡಿದು ಸಣ್ಣ ಆಗೈತೆ, ಇದೇ ಕೊನೇ ಸೈಜು, ಇನ್ನು ಸಾಣೆ ಹಿಡಿಯೋ ಹಂಗಿಲ್ಲ. ಈ ಸಲ ಗೀರು ಬಿದ್ರೆ ಎಂಜಿನ್ ಗುಜರಿಗೇ ಹಾಕ್ಬೇಕು.”

ಫಿಟ್ಟರುಗಳು ಹೆದರಿಸುವುದರಲ್ಲಿ ಜಾಣರು ಎಂದು ತೀರ್ಥಪ್ಪ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ನೀರೆತ್ತುವ ಪಂಪಿಗೆ ಒಂದು ಕೊಡ ನೀರು ಹುಯ್ಯೆಂದು ಹೆಂಡತಿಗೆ ಹೇಳಿದ.

ಗುಜರಿ ಎಂಬ ಮಾತು ಕಾಶಮ್ಮನ ಎದೆಗೆ ನಾಟಿತ್ತು. ಎಂಜಿನ್ ಹೋದರೆ ಈ ಹಂಗಾಮೆಲ್ಲ ಕೊಡ ಬರುವುದು ತನ್ನ ಸೊಂಟಕ್ಕೇ. ಅವಳಿಗೆ ನಿಜಕ್ಕೂ ಭಯವಾಯಿತು. ಕೊಡ ಹಿಡಿದು ಹಾಗೇ ನಿಂತಳು.

“ಬಾವೀಲಿ ನೀರೈತಲ್ರೀ. ಪಂಪಿಗ್ಯಾಕೆ ಹುಯ್ಬೇಕು?”

“ಇಷ್ಟು ವರ್ಷ ಹುಯ್ದಿದೀಯ, ಗೊತ್ತಿಲ್ವೇನೇ? ಪೈಪಲ್ಲಿ ಗಾಳಿ ಇರ್ತೈತೆ. ನೀರು ತುಂಬ್ದೆ ತಿರುಗಿಸಿದ್ರೆ ಪಂಪು ಒಣದಾಗೇ ತಿರುಗಿ ಹಾಳಾಗ್ತೈತೆ.”

“ಎಣ್ಣೆ ವಿಷ್ಯದಾಗೆ ಮಂಜಪ್ಪ ಹೇಳ್ತಿರೋದೂ ಅದೇ ಅಲ್ವಾ?”

ತೀರ್ಥಪ್ಪ ಹ್ಯಾಂಡಲಿನಿಂದ ಕೈ ತೆಗೆದು, ಏನು ಮಾಡಬೇಕೋ ಮಾಡಪ್ಪ ಎಂದ.

ನೀರಿನ ಪಂಪು ಜೊತೆಗೇ ತಿರುಗದಿರಲೆಂದು ಮಂಜಪ್ಪ ಅದರ ಬೆಲ್ಟ್ ಕಳಚಿದ. ಫಿಲ್ಟರಿಗೂ ಎಣ್ಣೆ ಪಂಪಿಗೂ ಎಣ್ಣೆ ತುಂಬಿ, ಎಣ್ಣೆಯ ಒತ್ತಡ ತೋರಿಸುವ ಮೀಟರಿಗೆ ಹೋಗುವ ಪೈಪಿನ ನಟ್ಟು ಸಡಿಲಿಸಿದ. ಡೀಸೆಲ್ ಬಂದ್ ಮಾಡಿ, ಎಂಜಿನ್ ಹಗುರಾಗಿ ತಿರುಗಲೆಂದು ಡಿಕಂಪ್ರೆಷನ್ ಲಿವರ್ ಎತ್ತಿ ಹಿಡಿದ. ತೀರ್ಥಪ್ಪ ಹ್ಯಾಂಡಲ್ ತಿರುಗಿಸಿದ. ನಟ್ಟಿನ ಸಂದಿಯಲ್ಲಿ ಎಣ್ಣೆ ಜಿನುಗಬೇಕಿತ್ತು. ತೀರ್ಥಪ್ಪನ ಬೆವರು ಜಿನುಗಿತೇ ಹೊರತು ಎಣ್ಣೆ ಬರಲಿಲ್ಲ.

ಮಂಜಪ್ಪನ ಮುಖ ಸಣ್ಣದಾಯಿತು. ಎಣ್ಣೆಯ ಪೈಪುಗಳನ್ನು ಒಂದೊಂದಾಗಿ ಬಿಚ್ಚಿದ. ಎಣ್ಣೆ ಪಂಪಿನಿಂದ ಹೊರಡುವ ಪೈಪಿನೊಳಗಿಂದ ಬಟ್ಟೆಯ ಉಂಡೆ ಹೊರಬಂತು. ಗಾಡಿ ದಾರಿಯ ಧೂಳು ಒಳಹೋಗದಿರಲೆಂದು ಅವನೇ ತುರುಕಿದ್ದು. ಜೋಡಿಸುವಾಗ ತೆಗೆಯಲು ಮರೆತಿದ್ದ.

“ಸ್ಟಾರ್ಟ್ ಮಾಡಿದ್ರೆ ಬೇರಿಂಗಿಗೆ ಒಂದು ತೊಟ್ಟೂ ಹೋಗ್ತಿರ್ಲಿಲ್ಲ. ತಪ್ಪು ನಂದೇ,” ಎಂದ.

ಬೈಯಲು ಹೊರಟ ತೀರ್ಥಪ್ಪ ಬೈಯಲಿಲ್ಲ. ಆತುರ ತನ್ನದೂ ಆಗಿತ್ತಲ್ಲ. ಪೈಪು ತೊಳೆದು ಜೋಡಿಸಿ ಮತ್ತೆ ತಿರುಗಿಸಿದಾಗ ನಟ್ಟಿನ ಸಂದಿಯಿಂದ ಎಣ್ಣೆ ಇಳಿಯಿತು. ಆಗ ನಟ್ಟು ಬಿಗಿದು, ಡೀಸೆಲ್ ಬಿಟ್ಟು, ಎಂಜಿನ್ ಸ್ಟಾರ್ಟ್ ಮಾಡಿದರು. ಮೀಟರಿನ ಮುಳ್ಳು ಮೇಲೆದ್ದಿತು. ಸ್ವಲ್ಪ ಹೊತ್ತು ನಿಧಾನವಾಗಿ ಓಡಿಸಿ ನಿಲ್ಲಿಸಿ, ಕಾಶಮ್ಮ ಪಂಪಿಗೆ ನೀರು ಹುಯ್ದ ಮೇಲೆ ಬೆಲ್ಟ್ ಹಾಕಿ ಮತ್ತೆ ಎಬ್ಬಿಸಿದರು. ಸಂಜೆಯೊಳಗೆ ಈರುಳ್ಳಿ ನಾಟಿ ಮುಗಿಯಿತು.

ಪಂಪ್‌ಸೆಟ್ ಇರುವ ಅಣ್ಣಂದಿರೇ, ಅಕ್ಕಂದಿರೇ, ಎಂಜಿನ್ ರಿಪೇರಿಯಾಗಿ ಬಂದಾಗ ಪೂಜೆ ಮಾಡಿ, ಬೇಡವೆನ್ನುವುದಿಲ್ಲ. ಆದರೆ ಡೀಸೆಲ್ ಬಿಡುವ ಮುಂಚೆ ಕೈಯಿಂದ ತಿರುಗಿಸಿ, ಎಣ್ಣೆ ಬರುವುದನ್ನು ಕಣ್ಣಾರೆ ನೋಡಿ. ಸ್ಟಾರ್ಟ್ ಆದ ಕೂಡಲೇ ಮುಳ್ಳು ಏಳದಿದ್ದರೆ ನಿಲ್ಲಿಸಿಬಿಡಿ. ಎಂಥ ನಂಬಿಕಸ್ಥ ಫಿಟ್ಟರ್ ಕಟ್ಟಿಕೊಟ್ಟಿರಲಿ, ಎಣ್ಣೆ ಕಾಣದೆ ಎಂಜಿನ್ ಎಬ್ಬಿಸಬೇಡಿ.