ಕಾಕಾರ ಸೊಸೆ

ಡಾಕ್ಟರ್ ಕೃಷ್ಣಾಜಿಯವರ ದವಾಖಾನೆ ಎಲ್ಲಿ ಎಂದು ಮಾರ್ಕೆಟ್ ಯಾರ್ಡಿನ ಯಾವ ಹಮಾಲನನ್ನು ಕೇಳಿದರೂ, ಬೆನ್ನ ಮೇಲಿನ ಚೀಲ ಇಳಿಸದೆಯೇ ಗದ್ದ ಎತ್ತಿ ತೋರಿಸುತ್ತಾನೆ. ಮೂವತ್ತೆಂಟು ವರ್ಷದಿಂದ ಯಾದಗಿರಿ, ಸುರಪುರ ಕಡೆಯಿಂದ ದುಡಿಯಲು ಬಂದ ಮಂದಿಗೆ ಅವರು ಬರೀ ಡಾಕ್ಟರಲ್ಲ, ಮನೆಯ ಹಿರಿಯರು. ನವಲಗುಂದದಿಂದ ಪುಣೆಗೆ ಬಂದು ನೆಲೆಸಿದ ಈ ಮನುಷ್ಯನಿಗೆ ಆ ಹಿರಿತನದ ಮೇಲೆ ತುಸು ಹೆಚ್ಚೇ ಮೋಹವಿತ್ತು ಎಂದು ಹೇಳದೆ ವಿಧಿಯಿಲ್ಲ. "ದೊಡ್ಡ ಆಸ್ಪತ್ರ್ಯಾಗ ರಿಪೋರ್ಟ್ ನೋಡ್ತಾರ, ನಾ ಮನುಷ್ಯಾನ್ನ ನೋಡ್ತೀನಿ" ಎಂದು ಸಿಕ್ಕಸಿಕ್ಕವರ ಮುಂದೆ ಹೇಳಿಕೊಳ್ಳುತ್ತಿದ್ದರು.

ಆ ಗುರುವಾರ ಮಧ್ಯಾಹ್ನ ಗುರಣ್ಣ ಕಂಕುಳಲ್ಲಿ ದೊಡ್ಡ ಆಸ್ಪತ್ರೆಯ ಒಂದು ದಪ್ಪ ಫೈಲು ಇಟ್ಟುಕೊಂಡು, ಹೆಂಡತಿ ಯಮನವ್ವನ ಕೈ ಹಿಡಿದು ಬಂದ. ಗುರಣ್ಣ ಯಾರ್ಡಿನಲ್ಲಿ ಉಳ್ಳಾಗಡ್ಡಿ ಚೀಲ ಹೊರುವವನು. ಸತ್ತುಹೋದ ಅವನ ಅಪ್ಪ ಭೀಮು, ಡಾಕ್ಟರರನ್ನು ತಮ್ಮ ಎನ್ನುತ್ತಿದ್ದುದರಿಂದ ಮಗನಿಗೆ ಅವರು ಕಾಕಾ. ಮದುವೆಯಲ್ಲಿ ಅಪ್ಪನ ಜಾಗದಲ್ಲಿ ನಿಂತು ಅಕ್ಕಿಕಾಳು ಹಾಕಿದವರೂ ಅವರೇ. ಹೀಗಾಗಿ ಯಮನವ್ವನಿಗೆ ಅವರು ಮಾವ. ಮಾವನ ಎದುರು ಸೊಸೆ ಹೇಗಿರಬೇಕೋ ಹಾಗೆಯೇ ಅವಳು ಹದಿನಾರು ವರ್ಷ ಇದ್ದಳು. ತಲೆತುಂಬ ಸೆರಗು, ಅದರ ಅಂಚು ಬಾಯಿಗೆ ಅಡ್ಡ, ಮಾತೆಲ್ಲ ಗಂಡನ ಮೂಲಕ.

"ಅಲ್ಲಿ ಅರ್ಧ ಮರಾಠಿ, ಅರ್ಧ ಇಂಗ್ಲಿಷ್‌ನ್ಯಾಗ ಭರಾಭರಾ ಹೇಳಿದ್ರು ಕಾಕಾ. ತಲ್ಯಾಗ ಇಳೀಲಿಲ್ಲ. ನೀವು ಓದಿ ಹೇಳ್ರಿ" ಎಂದು ಗುರಣ್ಣ ಫೈಲನ್ನು ಮೇಜಿನ ಮೇಲಿಟ್ಟ.

ಕೆನ್ನೆಯ ಒಳಗಿನ ಕ್ಯಾನ್ಸರ್. ದವಡೆಯ ಎಲುಬಿಗೆ ಇಳಿದಿದೆ. ಕುತ್ತಿಗೆಯ ಗಂಟುಗಳು ದೊಡ್ಡ ರಕ್ತನಾಳವನ್ನು ಸುತ್ತಿಕೊಂಡಿವೆ. ಆಪರೇಷನ್ ಸಾಧ್ಯವಿಲ್ಲ. ಮೊದಲ ಪುಟದಲ್ಲಿ ಇನ್ನೊಂದು ಸಾಲಿತ್ತು: ಆರು ತಿಂಗಳಿಂದ ಬಾಯಿಹುಣ್ಣು, ಸ್ಥಳೀಯ ಡಾಕ್ಟರರಿಂದ ಚಿಕಿತ್ಸೆ. ಆ ಸ್ಥಳೀಯ ಡಾಕ್ಟರು ಕನ್ನಡಕ ಒರೆಸಿಕೊಂಡು ಅದನ್ನು ಮತ್ತೊಮ್ಮೆ ಓದಿದರು.

ಆರು ತಿಂಗಳ ಹಿಂದೆ ಮೊದಲ ಸಲ ಬಂದಾಗಲೂ ಯಮನವ್ವ ಇದೇ ಬೆಂಚಿನ ಮೇಲೆ ಕೂತಿದ್ದಳು. "ಬಾಯಾಗ ಹುಣ್ಣಾಗ್ಯಾವಂತ್ರಿ, ಖಾರ ತಿನ್ನಾಕ ಆಗಂಗಿಲ್ಲಂತ" ಎಂದಿದ್ದ ಗುರಣ್ಣ. ಡಾಕ್ಟರರು ಬಿ ಕಾಂಪ್ಲೆಕ್ಸ್ ಗುಳಿಗೆ, ಹಚ್ಚಲು ಒಂದು ಮುಲಾಮು ಕೊಟ್ಟರು. ಎರಡನೆಯ ಸಲ ಅವನೊಬ್ಬನೇ ಬಂದು ಅದನ್ನೇ ಒಯ್ದ, ಮೂರನೆಯ ಸಲವೂ ಅಷ್ಟೇ. ನಾಲ್ಕನೆಯ ತಿಂಗಳು ಕಿವಿ ನೋಯುತ್ತದೆ ಎಂದು ಅವಳನ್ನು ಕರೆತಂದ. ಕಿವಿ ನೋಡಲು ಸೆರಗು ಸರಿಸಬೇಕಿಲ್ಲ, ತುಸು ಎತ್ತಿದರೆ ಸಾಕು. ಬ್ಯಾಟರಿ ಬೆಳಕು ಬಿಟ್ಟು ಕಿವಿ ನೋಡಿದರು, ಹನಿ ಬರೆದುಕೊಟ್ಟರು. ಬಾಯಿ ಅಲ್ಲಿಂದ ನಾಲ್ಕು ಬೆರಳು ದೂರ.

ಗೊತ್ತಿರಲಿಲ್ಲವೇ? ಎಲ್ಲ ಗೊತ್ತಿತ್ತು. ಹಮಾಲರ ವಸತಿಯ ಹೆಂಗಸರು ಮಿಶ್ರಿಯಿಂದ, ಅಂದರೆ ಸುಟ್ಟ ತಂಬಾಕಿನ ಪುಡಿಯಿಂದ, ಹಲ್ಲು ತಿಕ್ಕುತ್ತಾರೆಂದು ಗೊತ್ತಿತ್ತು. ಮೂರು ವಾರದಲ್ಲಿ ಮಾಯದ ಹುಣ್ಣನ್ನು ನಂಬಬಾರದೆಂದೂ ಗೊತ್ತಿತ್ತು. ಬೇರೆ ಯಾವಳೋ ಆಗಿದ್ದರೆ "ಬಾಯಿ ತೆಗಿಯವಾ" ಎಂದು ಗದರಿಸಿ ನೋಡುತ್ತಿದ್ದರು. ಸೊಸೆಗೆ ಹೇಗೆ ಹೇಳುವುದು? ಅವಳು ನಾಚಿದಳು, ಇವರೂ ಸಂಕೋಚಪಟ್ಟರು. ಸುಡಲಿ ಆ ಸಂಕೋಚ! ಕಡೆಗೆ ಯಾರ್ಡಿನಲ್ಲಿ ಪುಕ್ಕಟೆ ಹಲ್ಲಿನ ತಪಾಸಣೆ ನಡೆದಾಗ ಹೆಸರೂ ಗೊತ್ತಿಲ್ಲದ ಒಬ್ಬ ಡಾಕ್ಟರ್ ಹುಡುಗಿ ಬಾಯಿ ತೆಗೆಯಿರಿ ಎಂದಳಂತೆ, ಇವಳು ತೆಗೆದಳಂತೆ. ಬಾಯಿ ಆಗಲೇ ಎರಡು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ದೊಡ್ಡ ಆಸ್ಪತ್ರೆಗೆ ಕಳಿಸಿದವಳೂ ಆ ಹುಡುಗಿಯೇ.

ಕೃಷ್ಣಾಜಿ ಒಳಕೋಣೆಗೆ ಹೋಗಿ ಫೈಲಿನಲ್ಲಿದ್ದ ನಂಬರಿಗೆ ಫೋನ್ ಮಾಡಿದರು. ಆ ಕಡೆ ಡಾಕ್ಟರ್ ಮಂದಾರ, ದನಿಯಲ್ಲೇ ಚಿಕ್ಕ ವಯಸ್ಸು. ಮುಂಬಯಿಗೆ ಕಳಿಸಲೇ, ಬೇರೆ ಏನಾದರೂ ಉಂಟೇ ಎಂದು ಇವರು ಮರಾಠಿಯಲ್ಲಿ ಅಂಗಲಾಚಿದರು. ಇಲ್ಲ ಎಂದ ಆತ. ಮೂರು ತಿಂಗಳ ಹಿಂದೆ ಬಂದಿದ್ದರೆ ಕತ್ತರಿಸಿ ತೆಗೆಯಬಹುದಿತ್ತು, ಈಗ ನೋವು ಕಡಿಮೆ ಮಾಡುವುದಷ್ಟೇ, ಅದನ್ನು ಮನೆಯ ಹತ್ತಿರದ ಡಾಕ್ಟರರೇ ಮಾಡಬಹುದು ಎಂದ. ಆಮೇಲೆ ಸಿಟ್ಟು ತಡೆಯಲಾರದೆ ಕೇಳಿದ, "ಆರು ತಿಂಗಳು ಬಾಯಿ ನೋಡದೆ ಮುಲಾಮು ಕೊಟ್ಟ ಆ ಪುಣ್ಯಾತ್ಮ ಯಾರು ಸರ್?"

"ನಾನೇ" ಎಂದರು ಕೃಷ್ಣಾಜಿ.

ಆತ ನೋವಿನ ಗುಳಿಗೆಯ ಪ್ರಮಾಣ ಹೇಳತೊಡಗಿದ, ಇವರು ವಿದ್ಯಾರ್ಥಿಯ ಹಾಗೆ ಬರೆದುಕೊಂಡರು.

ಹೊರಗೆ ಬಂದು ಗುರಣ್ಣನನ್ನು ಬಾಗಿಲ ಬಳಿಗೆ ಕರೆದರು.

"ಗುರಣ್ಣಾ, ಇದು ಭಾಳ ಮುಂದ ಹೋಗೇದ. ಆಪರೇಷನ್ ಆಗಂಗಿಲ್ಲ. ನಾ ಮೊದಲ ದಿನಾನ ಬಾಯಿ ನೋಡಬೇಕಿತ್ತು. ನೋಡ್ಲಿಲ್ಲ. ತಪ್ಪು ನಂದಪಾ."

ಬೈಯಲಿ, ಮೇಜು ಒದೆಯಲಿ ಎಂದು ಕಾದರು. ಗುರಣ್ಣನಿಗೆ ಆಶ್ಚರ್ಯವೇ ಆಯಿತು.

"ನಿಮ್ಮದೇನು ತಪ್ಪ್ರಿ? ಮಾವಾರ ಮುಂದ ಅಕಿ ಹ್ಯಾಂಗ ಬಾಯಿ ತೋರಿಸ್ತಾಳ್ರಿ? ನಮ್ಮವ್ವ ಹಂಗ ಕಲಿಸ್ಯಾಳ್ರಿ" ಎಂದ. ದನಿಯಲ್ಲಿ ಹೆಮ್ಮೆಯಿತ್ತು. "ಅಲ್ಲಿ ಆಪರೇಷನ್ ಬ್ಯಾಡ ಅಂದ್ರಲ್ರಿ, ನಂಗ ಅದ ಛಲೋ ಆತು. ನಿಮ್ಮ ಡಾಕ್ಟರ್ ಕಡೆ ಹೋಗ್ರಿ, ಇನ್ನ ಎಲ್ಲಾ ಅವರ ನೋಡ್ತಾರ ಅಂತ ಚೀಟಿ ಬರದ್ರು. ಅಷ್ಟ ದೊಡ್ಡ ದವಾಖಾನಿಯವರು ನಿಮ್ಮ ಕಡೆನ ಕಳಿಸ್ತಾರಂದ್ರ, ಗುಣ ಆಗೋ ಔಷಧ ನಿಮ್ಮ ಕೈಯಾಗ ಅದ ಅಂತನ ಅಲ್ರಿ?"

"ಅಲ್ಲೋ ತಮ್ಮಾ. ನೋವಿಗೆ ಅಷ್ಟ ಔಷಧ ಅದ. ಗುಣ ಆಗಂಗಿಲ್ಲ. ಅಕಿ ಉಳಿಯಂಗಿಲ್ಲೋ" ಎಂದರು ಕೃಷ್ಣಾಜಿ.

"ನೀವು ಹಂಗ ಅಂತೀರಿ. ಅಪ್ಪಗ ನ್ಯುಮೋನಿಯಾ ಆದಾಗೂ ಆಸೆ ಬಿಡ್ರಿ ಅಂದಿದ್ರಿ, ಎಬ್ಬಿಸಿ ಕೂಡಿಸಿದ್ರಿ" ಎಂದು ಗುರಣ್ಣ ನಕ್ಕ. "ಎಷ್ಟ ದಿನಕ್ಕೊಮ್ಮೆ ಕರಕೊಂಡ ಬರ್ಲ್ರಿ?"

ಹೇಗೆ ತಿಳಿಸುವುದು ಇವನಿಗೆ? ಮೂವತ್ತೆಂಟು ವರ್ಷ ತಾವೇ ಸಾಕಿ ಬೆಳೆಸಿದ ನಂಬಿಕೆ. ಅದನ್ನು ಒಡೆಯುವ ಶಕ್ತಿ ಅವರಲ್ಲಿರಲಿಲ್ಲ, ಇದ್ದಿದ್ದರೂ ಅದು ಒಡೆಯುತ್ತಿತ್ತೋ ಇಲ್ಲವೋ.

"ಕರಕೊಂಡು ಬರಬ್ಯಾಡ. ನಾನ ದಿನಾ ಮನಿಗೆ ಬರ್ತೀನಿ" ಎಂದರು.

ಗುರಣ್ಣ ಓಡುವಂತೆ ಬೆಂಚಿನ ಬಳಿ ಹೋಗಿ ಹೆಂಡತಿಯ ಕಿವಿಯಲ್ಲಿ ಹೇಳಿದ. "ಕೇಳಿದ್ಯಾ? ಕಾಕಾರು ತಾವ ದಿನಾ ಮನಿಗೆ ಬರ್ತಾರಂತ. ಇನ್ನ ಅಂಜಬ್ಯಾಡ." ಯಮನವ್ವ ಕೂತಲ್ಲಿಂದಲೇ ಕೈ ಮುಗಿದಳು, ಗೋಡೆಗೆ ತಲೆ ಆನಿಸಿದಳು.

ಕೃಷ್ಣಾಜಿ ಗುಳಿಗೆ ತೆಗೆಯಲು ಕಪಾಟಿನ ಬಾಗಿಲು ಎಳೆದರು, ಅದು ಕಿರುಗುಟ್ಟಿತು. ಗುರಣ್ಣ ತುಟಿಯ ಮೇಲೆ ಬೆರಳಿಟ್ಟು ಪಿಸುಗುಟ್ಟಿದ:

"ಸಾವಕಾಶ್ರಿ ಕಾಕಾ. ನಿಮ್ಮ ಮಾತ ಕೇಳಿ ಎಷ್ಟೋ ದಿನದ ಮ್ಯಾಲೆ ಅಕಿಗೆ ಕಣ್ಣ ಹತ್ಯಾವು."