ಬೊಂಬಾಯಿ ಸೀಮೆಯವರು

"ಬಿಚ್ಚೇ ಗಂಟ್ನ, ಕಳ್ಳಮುಂಡೆ," ಎಂದು ದಫೇದಾರ ಮುನಿರಾಮಯ್ಯ ಬೂಟುಗಾಲಿನಿಂದ ಗಂಟನ್ನು ತಿವಿದ.

ಶಿವಕ್ಕ ಬಿಚ್ಚಿದಳು. ಠಾಣೆಯ ನೆಲದ ಮೇಲೆ ರವಿಕೆ ಕಣಗಳು ಹರಡಿಕೊಂಡವು. ಕೆಂಪು, ಹಸಿರು, ನವಿಲುಗೊರಳಿನ ಬಣ್ಣ. ಬಟ್ಟೆ ಅಂಗಡಿಯ ಚನ್ನಕೇಶವಯ್ಯ ಬೆಂಚಿನ ಮೇಲೆ ಕೂತು ಕಾಫಿ ಕುಡಿಯುತ್ತಿದ್ದ. ಆ ಕಾಫಿ ತರಿಸಿಕೊಟ್ಟವನೂ ದಫೇದಾರನೇ.

ಅದು ಮೈಸೂರು ರಸ್ತೆಯ ಬದಿಯಲ್ಲಿ, ಕೆಂಗೇರಿಗೆ ಹೋಗುವ ದಾರಿಯಲ್ಲಿದ್ದ ಎರಡು ಕೋಣೆಯ ಹೊರಠಾಣೆ. ಕನ್ನಡದ ಸೀಮೆಗಳು ಇನ್ನೂ ಒಂದಾಗಿರಲಿಲ್ಲ, ಮಾತುಕತೆ ನಡೆದಿತ್ತು ಅಷ್ಟೆ. ಶಿವಕ್ಕನ ಗುಳೇದಗುಡ್ಡ ಬೊಂಬಾಯಿ ಸರ್ಕಾರಕ್ಕೆ ಸೇರಿತ್ತು. ಗಿರಣಿ ಬಟ್ಟೆ ಬಂದು ಊರಿನ ಮಗ್ಗಗಳು ಒಂದೊಂದಾಗಿ ನಿಲ್ಲುತ್ತಿದ್ದಾಗ ಬೆಂಗಳೂರಿನ ಕಡೆ ಹೊಸ ಬಡಾವಣೆಗಳು ಏಳುತ್ತಿವೆ, ಅಲ್ಲಿ ಕಣ ಕೊಳ್ಳುವವರಿದ್ದಾರೆ ಎಂದು ಯಾರೋ ಹೇಳಿದರು. ಅವಳೂ ಗಂಡ ರೇವಣಸಿದ್ದಪ್ಪನೂ ತಾವೇ ನೇಯ್ದದ್ದನ್ನು ಗಂಟು ಕಟ್ಟಿಕೊಂಡು ರೈಲು ಹತ್ತಿದರು. ರಾಜಾಜಿನಗರದ ಹೊಸ ಮನೆಗಳ ಮುಂದೆ ನಾಲ್ಕು ದಿನ ಕೂಗಿಕೊಂಡು ತಿರುಗಿದರು. ಆಮೇಲೆ ನಾಯಂಡಹಳ್ಳಿ ದಾಟಿ ಈ ಕಡೆ ಬಂದರು.

ಅಂಗಡಿಯೊಳಕ್ಕೆ ಕರೆದವನು ಚನ್ನಕೇಶವಯ್ಯನೇ. ಇದ್ದಬದ್ದದ್ದನ್ನೆಲ್ಲ ತಾನೇ ಕೊಳ್ಳುತ್ತೇನೆ ಎಂದು ಒಂದು ಬೆಲೆ ಹೇಳಿದ. ಅದು ನೂಲಿನ ಖರ್ಚಿಗೂ ಸಾಲದು ಎಂದು ಶಿವಕ್ಕ ಗಂಟು ಎತ್ತಿಕೊಂಡು ಮೆಟ್ಟಿಲಿಳಿದಳು. ಅವನು ಮತ್ತೆ ಕರೆಯಲಿಲ್ಲ. ಪಕ್ಕದ ಓಣಿಯ ಬಾವಿಕಟ್ಟೆಯ ಹತ್ತಿರ ಅವಳು ಒಂದೆರಡು ಕಣ ಮಾರುವಷ್ಟರಲ್ಲಿ ಪೊಲೀಸಿನವನೊಬ್ಬ ಬಂದು ರೇವಣಸಿದ್ದಪ್ಪನ ಕೊರಳಪಟ್ಟಿ ಹಿಡಿದ. ಬೀದಿಯುದ್ದಕ್ಕೂ ಎಳೆದುಕೊಂಡು ಬಂದ. ಆಗತಾನೇ ಕಣ ಕೊಂಡಿದ್ದ ಹೆಂಗಸು ಅದನ್ನು ಸೆರಗಿನೊಳಕ್ಕೆ ತಳ್ಳಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅಂಗಡಿಯಲ್ಲಿ ಕದ್ದ ಮಾಲು ಯಾವುದು, ತೋರಿಸು ಎಂದು ದಫೇದಾರ ಗದರಿದ.

"ಇವೆಲ್ಲಾ ನಾ ನೇಯ್ದವ್ರೀ," ಎಂದಳು ಶಿವಕ್ಕ. "ಆ ಕೆಂಪ ಕಣ ಮಡಚಿದಂಗ ಇರ್ಲಿ. ಒಳಗ ಎಲ್ಲೆಲ್ಲಿ ಎಳಿ ಹರದು ಗಂಟ ಹಾಕೀನಿ, ನಾ ನೋಡಲಾರ್ದನ ಹೇಳ್ತೀನಿ. ಅಂಗಡಿ ಸಾವಕಾರ್ರೂ ಹೇಳ್ಲಿ."

ಚನ್ನಕೇಶವಯ್ಯ ಲೋಟ ಕೆಳಗಿಟ್ಟು ದಫೇದಾರನ ಮುಖ ನೋಡಿದ. ಕೆಂಪು ಕಣವನ್ನು ಯಾರೂ ಮುಟ್ಟಲಿಲ್ಲ.

ರೇವಣಸಿದ್ದಪ್ಪ ಕೈ ಮುಗಿದ. "ನಾವೂ ಕನ್ನಡದವ್ರ ಅದೀವ್ರೀ ಸಾಹೇಬ್ರ."

"ಅದೀವ್ರೀ," ಎಂದು ದಫೇದಾರ ರಾಗವೆಳೆದು ಅಣಕಿಸಿದ. ಪೊಲೀಸಿನವನು ನಕ್ಕ. "ಕನ್ನಡ ಏನ್ಲಾ ಅದು? ಬೊಂಬಾಯಿ ನನ್ಮಕ್ಳಾ. ಇಲ್ಲಿ ನಿಮ್ಮನ್ನ ಹೂತಾಕಿದ್ರೂ ಯಾವನ್ಲಾ ಬಂದು ಕೇಳ್ತಾನೆ?"

ಚನ್ನಕೇಶವಯ್ಯ ಕುಕ್ಕರಗಾಲಲ್ಲಿ ಕೂತು ಕಣಗಳನ್ನು ಬೆರಳಲ್ಲಿ ಉಜ್ಜಿ ಉಜ್ಜಿ ನೋಡಿದ. ಒಳ್ಳೆಯವನ್ನೆಲ್ಲ ಆರಿಸಿ ತನ್ನ ಹೆಗಲ ಮೇಲಿನ ಚೌಕದಲ್ಲಿ ಕಟ್ಟಿಕೊಂಡ. ಬಡವರ ಮೇಲೆ ದೂರು ಕೊಡುವ ಮನಸ್ಸು ತನಗಿಲ್ಲ ಎಂದು ಹೇಳಿ ಹೊರಟುಹೋದ.

ಅವನು ಹೋದಮೇಲೆ ದಫೇದಾರನ ದನಿ ಮೆತ್ತಗಾಯಿತು. ಕೇಸು ಅಂತ ಆದರೆ ಆರು ತಿಂಗಳು ಜೈಲು, ಹೆಂಗಸರನ್ನು ಬೇರೆ ಇಡುತ್ತಾರೆ, ಅಲ್ಲಿ ರಾತ್ರಿ ಏನಾಗುತ್ತದೋ ತಾನು ಹೊಣೆಯಲ್ಲ ಎಂದ. ಆಮೇಲೆ ರೇವಣಸಿದ್ದಪ್ಪನ ಎದೆಯ ಕಡೆ ಬೆರಳು ಮಾಡಿದ.

"ಅದೇನ್ಲಾ ಕತ್ನಲ್ಲಿ? ಬೆಳ್ಳೀದಾ?"

ಅದು ಲಿಂಗದ ಕರಡಿಗೆ. ರೇವಣಸಿದ್ದಪ್ಪನ ಅಜ್ಜನದು. ಮನೆಯಲ್ಲಿದ್ದ ಬೆಳ್ಳಿ ಅಂದರೆ ಅದೊಂದೇ.

ರೇವಣಸಿದ್ದಪ್ಪ ಹೆಂಡತಿಯ ಕಡೆ ನೋಡಲಿಲ್ಲ. ಗೋಡೆಗೆ ಮುಖ ಮಾಡಿ ನಿಂತು ರುಮಾಲಿನ ತುದಿ ಹರಿದ. ಲಿಂಗವನ್ನು ಕರಡಿಗೆಯಿಂದ ತೆಗೆದು ಆ ಚಿಂದಿಯಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡ. ಗಂಟು ಎರಡು ಸಲ ಜಾರಿತು. ಖಾಲಿ ಕರಡಿಗೆಯನ್ನು ಮೇಜಿನ ಮೇಲಿಟ್ಟ. ದಫೇದಾರ ಅದನ್ನು ಅಂಗೈಯಲ್ಲಿ ತೂಗಿ ನೋಡಿ ಮೇಜಿನ ಖಾನೆಗೆ ಹಾಕಿದ. ಸಂಜೆಯೊಳಗೆ ರೈಲು ಹತ್ತಬೇಕು, ಮತ್ತೆ ಈ ಕಡೆ ಕಾಣಿಸಿಕೊಂಡರೆ ಚರ್ಮ ಸುಲಿಯುತ್ತೇನೆ ಎಂದ.

ರೇವಣಸಿದ್ದಪ್ಪ ಉಳಿದ ಕಣಗಳನ್ನು ಬಾಚಿಕೊಂಡು ಬಾಗಿಲಿಗೆ ನಡೆದ. ಶಿವಕ್ಕ ಕೂತಲ್ಲಿಂದ ಏಳಲಿಲ್ಲ. ಗಂಡನ ಎದೆಯ ಮೇಲಿನ ಆ ಚಿಂದಿಯನ್ನೇ ನೋಡುತ್ತಿದ್ದಳು. ಪ್ಲೇಗು ಬಂದು ಅವನು ಹದಿನೈದು ದಿನ ಎಚ್ಚರ ತಪ್ಪಿ ಮಲಗಿದ್ದಾಗಲೂ ಆ ಎದೆಯಿಂದ ಕರಡಿಗೆ ಇಳಿದಿರಲಿಲ್ಲ. ಇಲ್ಲಿಗೆ ಬಂದು ಇಷ್ಟು ಹೊತ್ತಾಯಿತು, ಯಾರೂ ಕೇಸು ಬರೆಯುವ ಪುಸ್ತಕ ತೆರೆದಿರಲಿಲ್ಲ. ಅವಳ ಹೆಸರೇನೆಂದು ಕೂಡ ಯಾರೂ ಕೇಳಿರಲಿಲ್ಲ.

"ಬರಕೊಳ್ರಿ," ಎಂದಳು. "ನಾ ಕದ್ದೀನಂತ ಬರಕೊಳ್ರಿ. ಕೋರ್ಟಿಗೆ ಕಳಸ್ರಿ ನನ್ನ."

"ಏ, ಏಳ. ನಿನ್ನ ಕಾಲ ಬೀಳ್ತೀನಿ," ಎಂದ ರೇವಣಸಿದ್ದಪ್ಪ.

ದಫೇದಾರ ಅವಳ ತಾಯಿಯನ್ನು ಎಳೆತಂದು ಬೈದ. ಅವಳು ಇನ್ನೊಂದು ಸಲ ಅದನ್ನೇ ಹೇಳಿದಳು. ಹೆದರಿಸೋಣವೆಂದು ಅವನು ದಪ್ಪನೆಯ ಪುಸ್ತಕವನ್ನು ಮೇಜಿನ ಮೇಲೆ ಬಡಿದು ತೆರೆದು ಲೇಖನಿ ಅದ್ದಿದ. ಏನು ಕದ್ದೆ, ಬೊಗಳು ಎಂದ.

"ನಾ ಏನ್ ಕದ್ದೀನಿ ಅದನ್ನ ನೀವ ಹೇಳ್ಬೇಕ್ರಿ. ನಾ ನೇಯ್ದದ್ರಾಗ ಚಲೋವು ಅಂಗಡ್ಯಾಂವ ಒಯ್ದ. ನನ್ನ ಗಂಡನ ಕರಡಿಗಿ ನಿಮ್ಮ ಖಾನ್ಯಾಗ ಐತಿ. ಅದನ್ನೂ ಬರೀರಿ."

ಮಗ್ಗದ ಸದ್ದಿನ ಮೇಲೆ ಮಾತಾಡಿ ರೂಢಿಯಾದ ದನಿ ಅವಳದು. ರಸ್ತೆಯಲ್ಲಿ ಬಸ್ಸಿಗೆ ಕಾದಿದ್ದ ಇಬ್ಬರು ಮೂವರು ಇತ್ತ ತಿರುಗಿ ನೋಡಿದರು. ದಫೇದಾರನ ಲೇಖನಿಯಿಂದ ಶಾಯಿ ಹಾಳೆಯ ಮೇಲೆ ತೊಟ್ಟಿಕ್ಕಿತು. ಅವನು ಪೊಲೀಸಿನವನಿಗೆ ಕಣ್ಸನ್ನೆ ಮಾಡಿದ. ಪೊಲೀಸಿನವನು ರೇವಣಸಿದ್ದಪ್ಪನನ್ನು ಎದೆಗೆ ಕೈಕೊಟ್ಟು ಹೊರಕ್ಕೆ ದಬ್ಬಿ, ಬಾಗಿಲು ಮುಚ್ಚಿ ಅಗುಳಿ ಹಾಕಿದ. ಒಳಗೆ ಕತ್ತಲಾಯಿತು. ಹೊರಗಿನಿಂದ ರೇವಣಸಿದ್ದಪ್ಪ ಬಾಗಿಲು ಬಡಿಯತೊಡಗಿದ.

ದಫೇದಾರ ಎದ್ದು ನಿಂತು ಸೊಂಟದ ಪಟ್ಟಿಗೆ ಕೈ ಹಾಕಿದ.

ಶಿವಕ್ಕನೂ ಎದ್ದಳು. ಸೆರಗನ್ನು ಬಿಗಿಯಾಗಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಹೆಸರು ಶಿವಕ್ಕ. ಊರು ಗುಳೇದಗುಡ್ಡ." ಮುಂದಿನದಕ್ಕೆ ಒಂದು ಗಳಿಗೆ ತಡೆದಳು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಒಮ್ಮೆಯೂ ಬಾಯಿಬಿಟ್ಟು ಹೇಳಿರದ ಮಾತು ಅದು. "ಗಂಡನ ಹೆಸರು ರೇವಣಸಿದ್ದಪ್ಪ," ಎಂದಳು. "ಬರೀರಿ."